ಹಳೇ ಹತ್ತಿಸೀರೆ ಹರಿದ ಸದ್ದು

ಸತ್ವಾ, ದುಬೈ
೧೪ ಆಗಸ್ಟ್ ೧೯೯೮, ಶುಕ್ರವಾರ

ಪ್ರೀತಿಯ ಜೂಡಿ,

ಫೋನ್ ಮಾಡಬೇಡ, ಫೋನಿನಲ್ಲಿ ನೀನು ಅಳುತ್ತಿ, ನಾನು ಕಿರುಚುತ್ತೇನೆ, ಹೇಳುವುದಿದ್ದರೆ ಬರೆ ಅಂತ ಹೇಳಿ ಫೋನ್ ಇಟ್ಟೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸ್ ಅರ್ಧಕ್ಕೆ ಬಿಟ್ಟವಳ ಅಕ್ಷರ, ನಗಬೇಡ. ನಮ್ಮ ಟೈಲರ್ ಅಂಗಡಿಯ ಪಿಕಪ್ ಓಡಿಸುವ ಇಗ್ನೇಶಿಯಸ್ ವಾರಕ್ಕೊಂದೆರಡು ಸಲ ಅಬುಧಾಬಿಯ ಹೋಟೆಲುಗಳಿಗೆ ಯೂನಿಫಾರ್ಮ್ ಮುಟ್ಟಿಸಲಿಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅವನು ಮರೆಯುವ ಜಾತಿ. ಮರೆತರೆ ಇದು ನಿನಗೆ ಸಿಗುವುದಿಲ್ಲ, ಸಿಗಲಿಲ್ಲ ಅಂತ ನನಗೆ ಗೊತ್ತೂ ಆಗುವುದಿಲ್ಲ.

ನಿನ್ನ ಆಫೀಸು ಮುಚ್ಚುತ್ತದೆ, ಅಕ್ಟೋಬರ್ ಕೊನೆಗೆ ವೀಸಾ ಕ್ಯಾನ್ಸಲ್ ಅಂತ ಅವನೇ ಹೇಳಿದ್ದು. ನೀನು ಹೇಳಲಿಲ್ಲ. ಆಮೇಲೆ ಎಂತ ಮಗಾ? ಬ್ಯಾಂಡ್ ಬ್ಯಾಂಡ್ ಅಂತ ಹೇಳಿದರೆ ಇಮಿಗ್ರೇಶನ್‌ನವರು ಸ್ಟಾಂಪ್ ಹಾಕುತ್ತಾರಾ? ನನ್ನ ಟೈಲರ್ ವೀಸಾದಲ್ಲಿ ನಿನ್ನನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ, ಕೇಳಿ ನೋಡಿದೆ. ಪಪ್ಪ ಇದ್ದಿದ್ದರೆ ಬೇರೆ ಮಾತು.

ಮಲ್ಪೆಯ ದೊಡ್ಡಮ್ಮ ಒಂದು ಸಂಬಂಧ ಬರೆದಿದ್ದಾಳೆ. ಹುಡುಗನಿಗೆ ಸ್ವಂತ ಐಸ್ ಪ್ಲಾಂಟ್ ಉಂಟಂತೆ, ಬೋಟಿನವರಿಗೆಲ್ಲ ಅವನದೇ ಐಸ್. ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಇಷ್ಟೇ.

ಊಟ ಮಾಡುತ್ತೀಯಾ?

ನಿನ್ನ ಅಮ್ಮ,
ಎಲ್ಸಿ

*

ಅಬುಧಾಬಿ
೨೨ ಆಗಸ್ಟ್ ೧೯೯೮

ಅಮ್ಮ,

ಊಟ ಮಾಡುತ್ತೇನೆ. ಐಸ್ ಪ್ಲಾಂಟಿನ ಹುಡುಗನಿಗೆ ಶುಭವಾಗಲಿ. ಆ ವಿಷಯ ಖಲಾಸ್.

ನೀನು ಬರೆದದ್ದು ಒಳ್ಳೆಯದೇ ಆಯಿತು. ಒಂದು ಕೆಲಸ ಉಂಟು, ನಿನ್ನಿಂದ ಮಾತ್ರ ಆಗುವಂಥದ್ದು. ಕಡಲದಂಡೆಯ ಕಾರ್ನಿಶ್ ರಸ್ತೆಯ ಹತ್ತಿರದ ಹೋಟೆಲಿನವರು ಚಳಿಗಾಲಕ್ಕೆ ಒಂದು ಬ್ಯಾಂಡ್ ಹುಡುಕುತ್ತಿದ್ದಾರೆ. ಸೆಪ್ಟೆಂಬರ್ ೨೫ಕ್ಕೆ ಅವರ ಹುಲ್ಲುಹಾಸಿನ ಮೇಲೆ ನಮ್ಮನ್ನು ಕೇಳಿ ನೋಡುತ್ತಾರೆ. ಒಪ್ಪಿದರೆ ವೀಸಾ ಅವರದು. ಇಲ್ಲದಿದ್ದರೆ ನಾನು ಊರಿಗೆ. ಇದಕ್ಕಿಂತ ಸರಳವಾಗಿ ಹೇಳಲಿಕ್ಕೆ ನನಗೆ ಬರುವುದಿಲ್ಲ.

ನಾವು ನುಡಿಸುವುದು ಹಳೇ ಬ್ಲೂಸ್, ಪಪ್ಪ ಕೇಳುತ್ತಿದ್ದಂಥದ್ದು. ಅದಕ್ಕೆ ಫಝ್ ಪೆಡಲ್ ಬೇಕು. ಗಿಟಾರಿಗೂ ಸ್ಪೀಕರಿಗೂ ಮಧ್ಯೆ ನೆಲದ ಮೇಲೆ ಇಡುವ ಡಬ್ಬಿ ಅದು. ಕಾಲಲ್ಲಿ ಒತ್ತಿದರೆ ನಯವಾದ ಸ್ವರ ಒರಟಾಗುತ್ತದೆ. ಕ್ರೀಕಿನ ಆಚೆ ದೇರಾದಲ್ಲಿ ಭಟ್ಕಳದ ಮುಝಫ್ಫರ್ ಅಂತ ಒಬ್ಬರ ರಿಪೇರಿ ಅಂಗಡಿ ಉಂಟು, ಊರಿಗೆ ಹೋದ ಬ್ಯಾಂಡಿನವರ ಸಾಮಾನು ಮಾರುತ್ತಾರೆ. ಅವರ ಹತ್ತಿರ ಅಂಥ ಎರಡು ಡಬ್ಬಿ ಉಂಟಂತೆ. ಒಂದು ಜರ್ಮೇನಿಯಂ ಅನ್ನುವ ಹಳೇ ಕಾಲದ ಟ್ರಾನ್ಸಿಸ್ಟರಿನದು, ಇನ್ನೊಂದು ಆಮೇಲಿನ ಸಿಲಿಕಾನಿನದು. ಯಾವುದು ಯಾವುದೆಂದು ಅವರಿಗೂ ಗೊತ್ತಿಲ್ಲ. ಮುಚ್ಚಳ ತೆಗೆದರೆ ಮತ್ತೆ ಹಾಕಲಿಕ್ಕೆ ಬಾರದು ಅಂತ ತೆಗೆಯುವುದೂ ಇಲ್ಲ. ನನಗೆ ಬೇಕಾದದ್ದು ಜರ್ಮೇನಿಯಂ, ಕೇಳಿಯೇ ಆರಿಸಬೇಕು.

ಎರಡನ್ನೂ ನುಡಿಸಲು ಹೇಳು. ಒಂದು ಸ್ವರ ಬಿಟ್ಟು ಅದು ಹೇಗೆ ಸಾಯುತ್ತದೆ ಕೇಳು. ಆಮೇಲೆ ಗಿಟಾರಿನ ಮೇಲಿರುವ ವಾಲ್ಯೂಮ್ ಬಿರಡೆಯನ್ನು ಸ್ವಲ್ಪ ಇಳಿಸಲು ಹೇಳು. ಒಳ್ಳೆಯದಾದರೆ ಒರಟೆಲ್ಲ ಹೋಗಿ ಗಂಟೆಯ ಹಾಗೆ ತಿಳಿಯಾಗುತ್ತದೆ. ಬ್ಯಾಟರಿಯಲ್ಲೇ ನುಡಿಸಲಿ, ಅಡಾಪ್ಟರ್ ಚುಚ್ಚಲು ಬಿಡಬೇಡ, ಹಳೆಯದರಲ್ಲಿ ಪ್ಲಸ್ಸು ಮೈನಸ್ಸು ಉಲ್ಟಾ ಇರುತ್ತದೆ, ಸುಟ್ಟುಹೋಗುತ್ತದೆ.

ನಮ್ಮ ಡ್ರಮ್ಮಿನ ಅನಿಕೇತ್ ದುಬೈಗೆ ಬಂದು ಹೋಗುತ್ತಿರುತ್ತಾನೆ, ಅವನನ್ನೇ ಕಳಿಸಬಹುದಿತ್ತು. ಆದರೆ ಅವನು ಪಪ್ಪನ ಕ್ಯಾಸೆಟ್ ಕೇಳಿಲ್ಲ.

ಜೂಡಿತ್

*

ಸತ್ವಾ
೨೯ ಆಗಸ್ಟ್ ೧೯೯೮

ಪ್ರೀತಿಯ ಜೂಡಿ,

ಹೋಗಿ ಬಂದೆ. ಮೊದಲು ಅದನ್ನೇ ಹೇಳುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಸಾಲಿಗೆ ಹಾರುತ್ತಿ ಅಂತ ಗೊತ್ತುಂಟು. ಡಬ್ಬಿ ತಂದಿದ್ದೇನೆ. ಸರಿಯಾದದ್ದಾ ಅಲ್ಲವಾ ಅಂತ ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿದೆ. ಹೋಗುವಾಗ ಭಯ ಇರಲಿಲ್ಲ, ಬರುವಾಗ ಡಬ್ಬಿ ಮಡಿಲಲ್ಲಿ, ನೀರಿಗೆ ಬಿದ್ದರೆ ಅಂತ ಜೀವ ಕೈಯಲ್ಲಿ. ಮುಝಫ್ಫರ್ ಅವರ ಅಂಗಡಿ ಮಸಾಲೆ ಅಂಗಡಿಗಳ ಸೂಕಿನ ಹಿಂದೆ, ಒಳಗೆ ಎಸಿ ಎಷ್ಟು ಜೋರೆಂದರೆ ನಾನು ಸೆರಗು ಹೊದ್ದು ಕೂತೆ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ನಿಲ್ಲುವುದಿಲ್ಲ. ಸ್ವರ ಸರಿ ಮಾಡಿ ಕೊಡಿ ಅಂತ ಬರುವವರನ್ನು ನೋಡಿದ್ದೇನೆ ಅಕ್ಕಾ, ಹಾಳು ಮಾಡುವ ಡಬ್ಬಿಗೆ ಬಂದವರು ನೀವೇ ಮೊದಲು ಅಂತ ನಗಾಡಿದರು. ಅಡಾಪ್ಟರ್ ಬೇಡ ಅಂತ ನಾನು ಅಷ್ಟು ಸಲ ಹೇಳಿದೆನಂತೆ, ಕೊನೆಗೆ ಅಡಾಪ್ಟರನ್ನೇ ನನ್ನ ಕೈಗೆ ಕೊಟ್ಟು ಹಿಡಿದುಕೊಂಡು ಕೂತುಕೊಳ್ಳಿ ಅಂದರು. ಕೂತೆ.

ಅವರಿಗೆ ಗಿಟಾರ್ ಅಷ್ಟಕ್ಕಷ್ಟೇ, ಒಂದೇ ತಂತಿಯನ್ನು ಮೀಟಿದರು. ಮೊದಲನೇ ಡಬ್ಬಿ ಬೂದು ಬಣ್ಣದ್ದು, ಬಲ ಉಂಟು. ನಮ್ಮ ಟೈಲರ್ ಅಂಗಡಿಯಲ್ಲಿ ಟೆರಿಲೀನ್ ತುಂಡಿಗೆ ಕತ್ತರಿ ತೋರಿಸಿ ಎರಡು ಕೈಯಲ್ಲಿ ಚರ್ರಂತ ಹರಿಯುತ್ತೇವಲ್ಲ, ಹಾಗೆ. ಬಿರಡೆ ಇಳಿಸಿದರೂ ಚರಚರ ಹೋಗಲಿಲ್ಲ, ಸಣ್ಣದಾಯಿತು ಅಷ್ಟೇ. ಎರಡನೆಯದು ಮಾಸಿದ ಕೆಂಪು. ಅದನ್ನು ಒತ್ತಿದಾಗ ಮೊದಲು ಏನೂ ಅನಿಸಲಿಲ್ಲ. ಆಮೇಲೆ ಸ್ವರ ದಪ್ಪವಾಯಿತು. ತೊಟ್ಟಿಲಿಗೆ ಹಾಸಲಿಕ್ಕೆಂದು ಹಳೇ ಹತ್ತಿಸೀರೆಯನ್ನು ನಿಧಾನ ಹರಿಯುವಾಗ ನೂಲು ನೂಲಾಗಿ ಬಿಡುತ್ತದಲ್ಲ, ಆ ಸದ್ದು. ಸಾಯುವಾಗಲೂ ಒಮ್ಮೆಲೇ ಸಾಯಲಿಲ್ಲ. ಬಿರಡೆ ಇಳಿಸಿದರು ನೋಡು, ತೊಳೆದಿಟ್ಟ ಗಾಜಿನ ಹಾಗೆ ಆಯಿತು.

ನಾನು ಇಸ್ತ್ರಿ ಹಾಕುವಾಗೆಲ್ಲ ಆ ಕ್ಯಾಸೆಟ್ ತಿರುಗುತ್ತಿತ್ತು. ಪಪ್ಪ ಅದನ್ನು ಜುಲೈ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು, ಅದು ಸೊಟ್ಟ ಆಗಿ, ಅಲ್ಲಿಂದ ಮೇಲೆ ಗಿಟಾರ್ ಬರುವಲ್ಲೆಲ್ಲ ಗಂಟಲು ಕಟ್ಟಿದವರ ಹಾಗೆ ಬರುತ್ತಿತ್ತು. ಬಿಸಾಡಿ ಅಂದರೆ ಈಗಲೇ ಚೆನ್ನಾಗಿರುವುದು ಮಾರಾಯ್ತಿ ಅನ್ನುತ್ತಿದ್ದರು. ಅಂಗಡಿಯಲ್ಲಿ ನನಗೆ ಅದೇ ಕೇಳಿಸಿತು. ಕೆಂಪನ್ನು ಕೊಡಿ ಅಂದೆ.

ಬೂದು ಡಬ್ಬಿ ಗಟ್ಟಿ, ಹೆಚ್ಚು ಕಾಲ ಬರುತ್ತದೆ ಅಂದರು ಅವರು. ಮೂರು ಸಲ ಬಾಗಿಲ ತನಕ ಬಂದು ವಾಪಸ್ ಹೋಗಿ ಕೇಳಿದೆ. ಒಂದು ತಿಂಗಳೊಳಗೆ ತಂದರೆ ಬದಲಿಸಿ ಕೊಡುತ್ತಾರಂತೆ.

ನಾಡಿದ್ದು ಇಗ್ನೇಶಿಯಸ್ ತರುತ್ತಾನೆ. ವೇಟರುಗಳ ಕೋಟಿನ ಮಧ್ಯೆ ಇಟ್ಟು ಕಟ್ಟಿದ್ದೇನೆ.

ಅಮ್ಮ

*

ಅಬುಧಾಬಿ
೨ ಸೆಪ್ಟೆಂಬರ್ ೧೯೯೮

ಅಮ್ಮ,

ಡಬ್ಬಿ ಬಂತು. ಸೌಂಡ್ ಮಾಫಿ, ಇಲ್ಲ.

ಇಗ್ನೇಶಿಯಸ್ ಅಂಕಲ್ ಮೊನ್ನೆ ಮಧ್ಯಾಹ್ನ ಕೊಟ್ಟರು, ಅಲ್ಲಿಯೇ ಅನಿಕೇತ್‌ನ ಗ್ಯಾರೇಜಿನಲ್ಲಿ ಚುಚ್ಚಿದೆ. ನೀನು ಬರೆದ ಹತ್ತಿಯೂ ಇಲ್ಲ, ಸೀರೆಯೂ ಇಲ್ಲ. ಸ್ವರ ಉಗುಳಿದ ಹಾಗೆ ಬರುತ್ತದೆ, ಅರ್ಧದಲ್ಲಿ ಕಟ್ ಆಗುತ್ತದೆ. ಹೊಸ ಬ್ಯಾಟರಿ ಹಾಕಿದೆ, ವಯರ್ ಬದಲಿಸಿದೆ. ಅವರು ಅಡಾಪ್ಟರ್ ಚುಚ್ಚಿರಬೇಕು, ನೀನು ನೋಡಿರಲಿಕ್ಕಿಲ್ಲ. ಅಥವಾ ನೋಡಿಯೂ.

ಬರೆಯಬಾರದು, ಆದರೂ ಬರೆಯುತ್ತೇನೆ. ಸರಿಯಾಗದಿದ್ದರೆ ನಿನಗೆ ಬೇಜಾರಿಲ್ಲ ಅಲ್ಲವಾ ಅಮ್ಮ? ನಾನು ಮಲ್ಪೆಗೆ ಹೋಗಿ ಐಸ್ ಮುರಿದುಕೊಂಡಿದ್ದರೆ ನಿನಗೆ ನಿದ್ದೆಯಾದರೂ ಬರುತ್ತದೆ.

ಜೂಡಿತ್

*

ಸತ್ವಾ
೬ ಸೆಪ್ಟೆಂಬರ್ ೧೯೯೮

ಜೂಡಿ,

ಅಡಾಪ್ಟರ್ ನನ್ನ ಕೈಯಲ್ಲಿತ್ತು. ಅಂಗಡಿಯಿಂದ ಹೊರಡುವ ತನಕ ನನ್ನ ಕೈಯಲ್ಲೇ ಇತ್ತು. ಇದನ್ನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳುತ್ತೇನೆ.

ಇನ್ನೊಂದು ಮಾತು ಬರೆದಿದ್ದೀಯಲ್ಲ, ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಬರೆದು ಹರಿದೆ, ಮತ್ತೆ ಬರೆದು ಹರಿದೆ. ಮೆಶಿನ್ ಮುಂದೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತದೆ. ಅಂಗಡಿಯ ಕಟಿಂಗ್ ಮಾಸ್ಟರ್ ಬೈದರು.

ಅದು ಇಲ್ಲಿ ಹಾಡಿತ್ತು, ಅಲ್ಲಿ ಹಾಡಲಿಲ್ಲ. ಮಧ್ಯೆ ಏನಾಯಿತು ಅಂತ ಇಗ್ನೇಶಿಯಸ್‌ನನ್ನು ಹಿಡಿದು ಕೇಳಿದೆ. ಬೀಳಿಸಿದೆಯಾ, ಇಲ್ಲ. ಅದರ ಮೇಲೆ ಕೂತೆಯಾ, ಇಲ್ಲ ಎಲ್ಸಿಬಾಯಿ. ಮತ್ತೆ ಎಲ್ಲಿಟ್ಟಿದ್ದೆ? ಮುಂದೆ, ಗಾಜಿನ ಹತ್ತಿರ, ಕಾಣುವ ಹಾಗೆ, ನೀವೇ ಮರೆಯಬೇಡ ಅಂದದ್ದಲ್ಲವಾ ಅಂದ. ನಾನು ಕೋಟುಗಳ ಮಧ್ಯೆ ಕಟ್ಟಿಟ್ಟದ್ದನ್ನು ಬಿಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡು ಬಂದಿದ್ದಾನೆ. ಆ ಪಿಕಪ್ಪಿನ ಎಸಿ ಹಾಳಾಗಿ ಎಷ್ಟು ಕಾಲವಾಯಿತೋ.

ಈ ದೇಶದಲ್ಲಿ ಗಾಡಿಯೊಳಗೆ ಯಾವುದನ್ನೂ ಬಿಡಬೇಡಿ ಅಂತ ನಾನು ನಿಮಗೆ ಹೇಳಲಿಲ್ಲವಾ? ಲಿಪ್‌ಸ್ಟಿಕ್ ಕರಗಿತು, ನಿನ್ನ ಕ್ರೇಯಾನ್ ಸೀಟಿಗೆ ಅಂಟಿತು, ಪಪ್ಪನ ಕ್ಯಾಸೆಟ್ ಸೊಟ್ಟ ಆಯಿತು. ಆ ಡಬ್ಬಿಗೆ ಬಿಸಿ ತಾಗಿರಬೇಕು. ಜ್ವರ ಬಂದವರು ಹಾಡುತ್ತಾರಾ? ನನಗೆ ಟ್ರಾನ್ಸಿಸ್ಟರ್ ಗೊತ್ತಿಲ್ಲ. ಆದರೂ ಬಿಸಾಡುವ ಮೊದಲು ಒಂದು ದಿನ ಎಸಿಯ ಕೆಳಗೆ ಇಟ್ಟು ನೋಡು. ನೋಡಿ ಬರೆ. ಬಯ್ಯುವುದಿದ್ದರೂ ಬರೆ.

ಅಮ್ಮ

*

ಅಬುಧಾಬಿ
೧೧ ಸೆಪ್ಟೆಂಬರ್ ೧೯೯೮

ಅಮ್ಮ,

ನಿನ್ನ ಪತ್ರ ಬರುವ ಮೊದಲೇ ಅದು ಎಸಿಯ ಕೆಳಗಿತ್ತು. ಸಿಟ್ಟಿನಲ್ಲಿ ಕಿಟಕಿಯ ಎಸಿಯ ಕೆಳಗಿನ ಶೆಲ್ಫಿಗೆ ಎಸೆದಿದ್ದೆ. ನಿನ್ನ ಪತ್ರ ಓದಿ ತೆಗೆದೆ, ಕೈಗೆ ತಣ್ಣಗೆ ಹತ್ತಿತು. ಚುಚ್ಚಿದೆ.

ಅಮ್ಮ, ಅದೇ. ನೀನು ಬರೆದದ್ದೇ. ಅನಿಕೇತ್ ಊಟದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತವನು ಕೂರಲೇ ಇಲ್ಲ. ನಾನು ಸ್ವಲ್ಪ ಹೊತ್ತು ಅವನಿಗೆ ಮುಖ ಕಾಣದ ಹಾಗೆ ತಿರುಗಿ ನುಡಿಸಿದೆ.

ಆದರೆ ಖುಷಿ ಒಂದು ದಿನದ್ದು. ಹೋಟೆಲಿನ ಹುಲ್ಲಿನ ಮೇಲೆ ಸಂಜೆ ಪ್ರಾಕ್ಟೀಸಿಗೆ ಬಿಟ್ಟರು. ಮೂರನೇ ಹಾಡಿಗೆ ಮತ್ತೆ ಉಗುಳಲು ಶುರು. ಈ ಜರ್ಮೇನಿಯಂ ಬಿಸಿ ತಡೆಯುವುದಿಲ್ಲ, ಅನಿಕೇತ್ ಯಾರನ್ನೋ ಕೇಳಿ ಖಾತ್ರಿ ಮಾಡಿಕೊಂಡ. ನಮ್ಮ ಸರದಿ ೨೫ಕ್ಕೆ ಸಂಜೆ ಐದಕ್ಕೆ, ಬಿಸಿಲು ಇನ್ನೂ ಇರುತ್ತದೆ. ಬೂದು ಬಣ್ಣದ ಸಿಲಿಕಾನ್ ಎಲ್ಲಿಟ್ಟರೂ ಒಂದೇ ಹಾಗೆ ಇರುತ್ತದಂತೆ. ಕೆಂಪನ್ನು ಕಳಿಸುತ್ತಿದ್ದೇನೆ, ಬದಲಿಸಿ ಕೊಡು. ಸುಮಾರಾದರೂ ಸರಿ, ಕೈಕೊಡದ ಡಬ್ಬಿ ಬೇಕು. ವೀಸಾ ಸ್ವರಕ್ಕೆ ಸಿಗುವುದಿಲ್ಲ, ಕಟ್ ಆಗದೆ ನುಡಿಸಿದವರಿಗೆ ಸಿಗುತ್ತದೆ.

ನನ್ನ ಹಿಂದಿನ ಪತ್ರದ ಕೊನೆಯ ಸಾಲು ಹರಿದುಹಾಕು.

ಜೂಡಿ

*

ಸತ್ವಾ
೧೬ ಸೆಪ್ಟೆಂಬರ್ ೧೯೯೮

ಪ್ರೀತಿಯ ಜೂಡಿ,

ಕೆಂಪು ಡಬ್ಬಿ ಹಿಡಿದುಕೊಂಡು ದೇರಾಕ್ಕೆ ಹೋದೆ. ಬೂದು ಡಬ್ಬಿಯನ್ನು ಮತ್ತೆ ನುಡಿಸಿ ಅಂದೆ. ಮುಝಫ್ಫರ್ ನುಡಿಸಿದರು. ಏನೂ ತಪ್ಪಿಲ್ಲ ಅದರಲ್ಲಿ. ಬದಲಿಸಿ ಕೊಡಿ ಅಂತ ಬಾಯಿಗೆ ಬಂತು, ಹೇಳಲಿಕ್ಕೆ ಆಗಲಿಲ್ಲ. ವಾಪಸ್ ಬಂದೆ. ಕೆಂಪು ನನ್ನ ಹತ್ತಿರವೇ ಉಂಟು. ಈಗ ಬಯ್ಯಿ.

ನೋಡು, ನಾನು ಯಾವತ್ತೂ ಗಟ್ಟಿ ಬಟ್ಟೆಯನ್ನೇ ಆರಿಸಿದವಳು. ನಿನ್ನ ಶಾಲೆಯ ಸ್ಕರ್ಟು ಹರಿಯಬಾರದು ಅಂತ ಚುಚ್ಚುವ ಬಟ್ಟೆಯಲ್ಲಿ ಹೊಲಿದು ಕೊಡುತ್ತಿದ್ದೆ, ನೀನು ತೊಡೆ ಕೆರೆದುಕೊಂಡು ಬರುತ್ತಿದ್ದೆ. ಐಸ್ ಪ್ಲಾಂಟ್ ಕೂಡ ಗಟ್ಟಿ ಬಟ್ಟೆಯೇ. ದೊಡ್ಡಮ್ಮನಿಗೆ ಬರೆದು ಹಾಕಿದೆ, ಈಗ ಬೇಡ ಅಂತ. ಹಾಕಿದ ಮೇಲೆ ಪೋಸ್ಟ್ ಡಬ್ಬಿಗೆ ಕೈ ಹಾಕಿ ತೆಗೆಯಲಿಕ್ಕೆ ಆಗುತ್ತದಾ ಅಂತಲೂ ನೋಡಿದೆ.

ಬೂದು ಡಬ್ಬಿಯಲ್ಲಿ ನುಡಿಸಿದರೆ ನಿನ್ನ ಹಾಗೆ ನುಡಿಸುವವರು ಇನ್ನೂ ಹತ್ತು ಮಂದಿ ಇರಬಹುದು. ನನಗೆ ಗೊತ್ತಿಲ್ಲ, ಅಂದಾಜಿಗೆ ಹೇಳುತ್ತೇನೆ. ಡಬ್ಬಿಗೆ ತಂಪು ಬೇಕು ಅಷ್ಟೇ ಅಲ್ಲವಾ? ಚಿಂತೆ ಮಾಡುವುದು ನನಗೆ ಬಿಡು, ಅದೊಂದು ಕೆಲಸ ನನಗೆ ಬರುತ್ತದೆ. ೨೫ಕ್ಕೆ ಆ ಹೋಟೆಲಿಗೇ ನಮ್ಮ ಯೂನಿಫಾರ್ಮ್ ಹೋಗುವುದುಂಟು. ನಾನೂ ಪಿಕಪ್ಪಿನಲ್ಲಿ ಬರುತ್ತೇನೆ. ನಮ್ಮ ವಿಲ್ಲಾದ ಕೆಳಗಿನ ಮನೆಯ ಜಮೀಲ ಮೀನಿನ ಐಸ್ ಬಾಕ್ಸ್ ಕೊಡುತ್ತೇನೆ ಅಂದಿದ್ದಾಳೆ. ಮೊದಲು ಪ್ಲಾಸ್ಟಿಕ್, ಆಮೇಲೆ ಮಲ್‌ಮಲ್ ಬಟ್ಟೆ ಸುತ್ತಿ ಇಡುತ್ತೇನೆ, ನೀರು ತಾಗಬಾರದಲ್ಲ. ನಿನಗೆ ಬೇಕಾದ ಹಾಡಿಗೆ ಮಾತ್ರ ತೆಗೆದುಕೋ, ಮುಗಿದ ಕೂಡಲೇ ವಾಪಸ್ ಕೊಡು.

ನಾನು ಮಾತಾಡುವುದಿಲ್ಲ. ಯಾರೆಂದು ಕೇಳಿದರೆ ಟೈಲರ್ ಅನ್ನು.

ಬೇಡ ಅನ್ನುವುದಿದ್ದರೆ ಇಗ್ನೇಶಿಯಸ್ ಕೈಯಲ್ಲಿ ಹೇಳಿ ಕಳಿಸು, ಓಡಿಹೋಗಿ ಬೂದು ಡಬ್ಬಿಯನ್ನು ತರುತ್ತೇನೆ.

ಅಮ್ಮ

*

ಸತ್ವಾ
೨೭ ಸೆಪ್ಟೆಂಬರ್ ೧೯೯೮

ಪ್ರೀತಿಯ ಜೂಡಿ,

ಬೇಡ ಅಂತಲೂ ಬರಲಿಲ್ಲ, ಬಾ ಅಂತಲೂ ಬರಲಿಲ್ಲ, ಆದ್ದರಿಂದ ಬಂದೆ. ನೀನು ಕಪ್ಪು ಅಂಗಿಯಲ್ಲಿದ್ದೆ, ತೆಳ್ಳಗಾಗಿದ್ದಿ. ನಾವು ಎಷ್ಟು ಮಾತಾಡಿದೆವು? ನೀನು ಕೈ ಚಾಚಿದಿ, ನಾನು ಡಬ್ಬಿ ಇಟ್ಟೆ. ಬಂಗುಡೆ ವಾಸನೆ ಅಂದಿ. ಹೂಂ ಅಂದೆ. ಅಷ್ಟೇ.

ಟೈಲರ್ ಬಾಯಿ ಇಲ್ಲಿ ಯಾಕೆ ಅಂತ ಒಬ್ಬ ಸೂಟಿನವನು ಕೇಳಿದಾಗ ನಿನ್ನ ಅನಿಕೇತ್ ಎಂತ ಹೇಳಿದ ಗೊತ್ತುಂಟಾ? ಇವರು ನಮ್ಮ ಟೆಕ್ನಿಶಿಯನ್ ಅಂದ. ಐಸ್ ಬಾಕ್ಸಿನ ಮೇಲೆ ಕೂತ ನನ್ನನ್ನು ಆ ಮನುಷ್ಯ ಮೇಲಿಂದ ಕೆಳಗೆ ನೋಡಿ ಹೋದ.

ಮೊದಲ ಹಾಡುಗಳಿಗೆ ಡಬ್ಬಿ ನನ್ನ ಹತ್ತಿರವೇ. ಮೂರು ಸಲ ಮುಚ್ಚಳ ತೆಗೆದು ಮುಟ್ಟಿ ನೋಡಿದೆ, ಆಮೇಲೆ ತೆಗೆದರೆ ತಂಪು ಹೋಗುತ್ತದೆ ಅಂತ ಕೈ ಕಟ್ಟಿಕೊಂಡೆ. ಕೊನೆಯ ಹಾಡಿಗೆ ನೀನು ತೆಗೆದುಕೊಂಡು ಹೋದಿ. ಆಗಲೇ ಇಗ್ನೇಶಿಯಸ್ ಯಲ್ಲಾ ಯಲ್ಲಾ, ಬೇಗ ಅಂತ ಬಂದ, ಸ್ಟಾಫ್ ಗೇಟಿನಲ್ಲಿ ಅವನ ಗಾಡಿಯ ಹಿಂದೆ ತರಕಾರಿ ಲಾರಿ ಬಂದು ಹಾರ್ನ್ ಹಾಕುತ್ತಿತ್ತು. ನಿಲ್ಲು ಅಂದರೆ ನಿಲ್ಲುವುದಿಲ್ಲ, ಸೆಕ್ಯುರಿಟಿಯವನೂ ಕಿರುಚುತ್ತಿದ್ದಾನೆ. ಹತ್ತಿದೆ. ಗಾಜು ಇಳಿಸಿ ತಲೆ ಹೊರಗೆ ಹಾಕಿದೆ. ಗೋಡೆಯ ಆಚೆಯಿಂದ ಬಂತು ಜೂಡಿ, ಪಪ್ಪನ ಕ್ಯಾಸೆಟ್ಟಿನದೇ, ಆದರೆ ಅದಕ್ಕಿಂತ ದೊಡ್ಡದು. ಇಗ್ನೇಶಿಯಸ್ ಕೂಡ ಗೇರ್ ಹಾಕದೆ ಒಂದು ಕ್ಷಣ ನಿಂತ. ಹಿಂದಿನ ಲಾರಿಯವನು ಬೈದ.

ಒಂದು ಸ್ವರ ಹಿಡಿದಿದ್ದಿ, ಉದ್ದಕ್ಕೆ. ನಾವು ಕಾರ್ನಿಶ್ ಕಡೆಗೆ ತಿರುಗುವಾಗ ಅದು ನಿಂತಿತು. ಅಲ್ಲಿಂದ ನನಗೆ ಸಮಾಧಾನ ಇಲ್ಲ. ಅದನ್ನು ನಿಲ್ಲಿಸಿದ್ದು ನೀನಾ, ಡಬ್ಬಿಯಾ, ಗಾಡಿ ತಿರುಗಿದ್ದಕ್ಕೆ ಕೇಳದೆ ಹೋಯಿತಾ? ದುಬೈ ತನಕ ಇಗ್ನೇಶಿಯಸ್‌ನನ್ನು ಕೇಳಿದ್ದೇ ಕೇಳಿದ್ದು. ಅವನು ರೇಡಿಯೋ ಹಾಕಿದ.

ನನ್ನ ಮಾತಿಗೆ ಕೆಂಪನ್ನು ಇಟ್ಟುಕೊಂಡು ಅದು ಕೊನೆಯಲ್ಲಿ ಕೈಕೊಟ್ಟಿದ್ದರೆ ನೇರ ಬರೆದುಬಿಡು. ಬೂದು ಡಬ್ಬಿಯೇ ಆಗಬೇಕಿತ್ತು ಅಂತ ಬರೆ. ಏನೂ ಬರೆಯದೆ ಮಾತ್ರ ಇರಬೇಡ.

ಅಮ್ಮ

*

ಸತ್ವಾ
೩ ಅಕ್ಟೋಬರ್ ೧೯೯೮

ಜೂಡಿ,

ಇಗ್ನೇಶಿಯಸ್ ಈ ವಾರ ಖಾಲಿ ಕೈಯಲ್ಲಿ ಬಂದ. ನೀನು ರೂಮಿನಲ್ಲಿ ಇರಲಿಲ್ಲವಂತೆ. ಇರಲಿಲ್ಲವಾ, ಬಾಗಿಲು ತೆಗೆಯಲಿಲ್ಲವಾ?

ಕಪಾಟಿನ ಮೇಲಿದ್ದ ನಿನ್ನ ಹಳೇ ಸೂಟ್‌ಕೇಸ್ ಇಳಿಸಿ ಒರೆಸಿದೆ. ಮತ್ತೆ ಮೇಲಿಟ್ಟೆ.

ಅಮ್ಮ

*

ಅಬುಧಾಬಿ
೭ ಅಕ್ಟೋಬರ್ ೧೯೯೮

ಅಮ್ಮ,

ನಾನು ನಿಲ್ಲಿಸಿದ್ದು.

ಡಬ್ಬಿ ಇನ್ನೂ ಹಾಡುತ್ತಿತ್ತು, ಕೈ ನೋವಾಗಿ ಬಿಟ್ಟೆ. ಆಮೇಲೆ ಮುಚ್ಚಳ ತೆರೆದ ಐಸ್ ಬಾಕ್ಸ್ ಇತ್ತು, ನೀನು ಇರಲಿಲ್ಲ. ಗೇಟಿನ ತನಕ ಓಡಿದೆ. ಗಿಟಾರ್ ಹಾಕಿಕೊಂಡೇ ಓಡಿದೆ ಅಂತ ಎಲ್ಲರೂ ಈಗಲೂ ನಗಾಡುತ್ತಾರೆ.

ಬರೆಯದೆ ಇದ್ದದ್ದು ಬೇಕೆಂದಲ್ಲ. ಅವರು ಇನ್ನೂ ಮೂರು ಬ್ಯಾಂಡ್ ಕೇಳಿ ನಿನ್ನೆ ಹೇಳಿದರು. ಅಮ್ಮ, ನಾವೇ. ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿದ್ದಾರೆ, ವೀಸಾಕ್ಕೆ ಹಾಕುತ್ತಾರೆ. ಮ್ಯಾನೇಜರಿಗೆ ಜರ್ಮೇನಿಯಂ ಸಿಲಿಕಾನ್ ಯಾವುದೂ ಕೇಳಿಸಿದ ಹಾಗಿಲ್ಲ, ಹುಟ್ಟುಹಬ್ಬದ ಹಾಡು ಬರುತ್ತದಾ ಅಂತ ಎರಡು ಸಲ ಕೇಳಿದ. ಆದರೆ ಕೊನೆಯ ಹಾಡಿಗೆ ಅಡುಗೆಮನೆಯವರೆಲ್ಲ ಟೋಪಿ ಸಮೇತ ಹೊರಗೆ ಬಂದು ನಿಂತದ್ದನ್ನು ಅವನು ನೋಡಿದ್ದಾನೆ. ಅದರಿಂದಲೇ ಅಂತ ಅನಿಕೇತ್ ಹೇಳುತ್ತಾನೆ.

ಇನ್ನೊಂದು ತಮಾಷೆ. ನಾವು ನುಡಿಸುವುದು ಹುಲ್ಲಿನ ಮೇಲಲ್ಲ, ಒಳಗಿನ ಲೌಂಜಿನಲ್ಲಿ, ಎಸಿಯಲ್ಲಿ. ಡಬ್ಬಿಗೆ ಇನ್ನೂ ಬಂಗುಡೆ ವಾಸನೆ ಹೋಗಿಲ್ಲ.

ಬ್ಯಾಂಡಿನವರಿಗೆ ಹೋಟೆಲಿನ ಕೋಟು ಹೊಲಿಸುತ್ತಾರಂತೆ. ಎಲ್ಲರ ಅಳತೆ ತೆಗೆಯಲು ಟೇಪು ಹಿಡಿದು ಬಂದರು. ನನ್ನ ಅಳತೆ ದುಬೈಯಲ್ಲಿ ಉಂಟು ಅಂದೆ.

ಜೂಡಿ

*

ಸತ್ವಾ
೧೩ ಅಕ್ಟೋಬರ್ ೧೯೯೮

ಪ್ರೀತಿಯ ಜೂಡಿ,

ಕೋಟು ಕಳಿಸಿದ್ದೇನೆ. ಉಳಿದವರದನ್ನು ಮಾಸ್ಟರ್ ಕತ್ತರಿಸಿದರು, ನಿನ್ನದಕ್ಕೆ ಕತ್ತರಿ ಯಾರಿಗೂ ಕೊಡಲಿಲ್ಲ. ಹಳೇ ಅಳತೆ ನೆನಪಿತ್ತು. ಆದರೆ ನೀನು ತೆಳ್ಳಗಾದದ್ದನ್ನು ನೋಡಿದ್ದೇನಲ್ಲ, ಸೊಂಟದಲ್ಲಿ ಹಿಡಿದು, ಒಳಗೆ ಬಟ್ಟೆ ಬಿಟ್ಟಿದ್ದೇನೆ. ಊಟ ಮಾಡಿ ಸರಿಯಾದರೆ ಬಿಚ್ಚಬಹುದು. ಹೋಟೆಲಿನವರು ಹೇಳಿದ್ದು ಟೆರಿಲೀನ್, ಹೊರಗಡೆ ಅದೇ ಹಾಕಿದ್ದೇನೆ. ಒಳಗಿನ ಅಸ್ತರು ಹತ್ತಿಯದು, ನನ್ನ ನೀಲಿ ಸೀರೆಯದು. ಹರಿಯುವಾಗ ಮೆಶಿನುಗಳನ್ನೆಲ್ಲ ನಿಲ್ಲಿಸಿ ಅಂದೆ, ಆ ಸದ್ದು ನನಗೆ ಕೇಳಬೇಕಿತ್ತು.

ಜೊತೆಗೆ ಒಂದು ಚೀಲ ಉಂಟು, ಒಳಗೆ ಹತ್ತಿ ತುಂಬಿಸಿ ಹೊಲಿದದ್ದು. ಡಬ್ಬಿಗೆ. ಲೌಂಜಿನ ಎಸಿ ಭಯಂಕರವಂತೆ, ಇಗ್ನೇಶಿಯಸ್ ಹೇಳಿದ. ಬಿಸಿ ತಡೆಯದ್ದು ತಂಡಿ ತಡೆಯುತ್ತದೆ ಅಂತ ಯಾರು ಹೇಳಿದ್ದು? ನುಡಿಸದಿದ್ದಾಗ ಅದರೊಳಗೆ ಇಡು. ಈ ಸಲ ಪಾರ್ಸೆಲ್ ಗಾಜಿನ ಹತ್ತಿರ ಇಟ್ಟರೆ ಮುಂದೆ ಅವನ ಅಂಗಿಗೆ ಗುಂಡಿ ಹಾಕುವುದಿಲ್ಲ ಅಂತ ಹೇಳಿದ್ದೇನೆ.

ಬಲತೋಳನ್ನು ಸ್ವಲ್ಪ ಸಡಿಲ ಕೂರಿಸಿದ್ದೇನೆ, ಗಿಟಾರಿನ ಮೇಲೆ ಕೈ ಆಡಬೇಕಲ್ಲ. ಹಾಕಿಕೊಂಡು, ಕೈ ಎತ್ತಿ ನೋಡು. ಭುಜದಲ್ಲಿ ಎಳೆದರೆ ಪತ್ರ ಬರೆದು ಅದು ಬರುವ ತನಕ ಕಾಯಿಸಬೇಡ. ಅಂಗಡಿಗೆ ಫೋನ್ ಮಾಡು. ಮಾಸ್ಟರಿಗೆ ಹೇಳಿ ಇಟ್ಟಿದ್ದೇನೆ.

ಎಳೆಯದಿದ್ದರೂ ಮಾಡು. ನಾನು ಅಳುವುದಿಲ್ಲ.

ಅಮ್ಮ